ಜೀವ ಉಳಿಸೋದು ಲೆವೆಲ್ ಸೊನ್ನೆ

ಈಗಿನ ಕಾರಿನ ಜಾಹೀರಾತುಗಳಲ್ಲಿ ಸನ್‌ರೂಫ್ ಆದ ಮೇಲೆ ದೊಡ್ಡ ಅಕ್ಷರದಲ್ಲಿ ಬರೋದು "ಲೆವೆಲ್ 2 ಅಡಾಸ್". ಹಾಸ್ಟೆಲ್‌ನಲ್ಲಿ ಕಾರಿನ ಮಾತು ಬಂದ್ರೆ ಮೆಕ್ಯಾನಿಕಲ್‌ನವರು, ಸಿಎಸ್‌ನವರು, ಕೊನೆಗೆ ಕಾರನ್ನೇ ಓಡಿಸದವರು ಕೂಡ ಇದರ ಬಗ್ಗೆ ಮಾತಾಡ್ತೀವಿ. ಮಾತು ಮಾತ್ರ ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲತ್ತೆ: "ಮಗಾ, ಅದು ತಾನೇ ಓಡತ್ತೆ."

ತಾನೇ ಓಡಲ್ಲ. ಅಡಾಸ್ ಅಂದ್ರೆ ಅಡ್ವಾನ್ಸ್ಡ್ ಡ್ರೈವರ್ ಅಸಿಸ್ಟೆನ್ಸ್ ಸಿಸ್ಟಮ್ಸ್. ಈ ನಾಲ್ಕು ಪದಗಳಲ್ಲಿ ಜಾಹೀರಾತಿನವರು ಹಿಡ್ಕೊಂಡಿರೋದು ಮೊದಲನೆಯದನ್ನ. ನಾವು ಹಿಡ್ಕೋಬೇಕಾದದ್ದು ಮೂರನೆಯದನ್ನ. ನಮ್ಮ ಲಾರಿಗಳಲ್ಲಿ ಕ್ಲೀನರ್ ಅಂತ ಒಬ್ಬ ಇರ್ತಾನಲ್ಲ, ಇದರ ಕೆಲಸ ಹೆಚ್ಚುಕಡಿಮೆ ಅವನದ್ದೇ. ರಿವರ್ಸ್ ತಗೊಳ್ಳುವಾಗ ಹಿಂದೆ ನಿಂತು "ಬರ್ಲಿ ಬರ್ಲಿ" ಅಂತಾನೆ, ಎಡಗಡೆಯಿಂದ ಸ್ಕೂಟರ್ ನುಗ್ಗಿದ್ರೆ ಬಾಗಿಲು ಬಡೀತಾನೆ, ಘಾಟಿಯಲ್ಲಿ ಡ್ರೈವರ್ ತೂಕಡಿಸಿದ್ರೆ ಎಬ್ಬಿಸ್ತಾನೆ. ಒಳ್ಳೆ ಕ್ಲೀನರ್ ಇದ್ರೆ ಲಾರಿಗೆ ಅಪಾಯ ಕಡಿಮೆ. ಹಾಗಂತ ಸ್ಟೀರಿಂಗ್ ಅವನ ಕೈಗೆ ಕೊಟ್ಟು ಡ್ರೈವರ್ ಮಲಗಲ್ಲ.

ಮೊದಲು ಈ "ಲೆವೆಲ್" ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಬಾಹಾ ಟೀಮ್‌ನವರು ಟೀ-ಶರ್ಟ್ ಮೇಲೆ ಹಾಕ್ಕೊಂಡು ಓಡಾಡೋ ಎಸ್‌ಎಇ ಇದೆಯಲ್ಲ, ಆ ಸಂಸ್ಥೆ 2014ರಲ್ಲಿ ಜೆ3016 ಅನ್ನೋ ದಾಖಲೆಯಲ್ಲಿ ಸೊನ್ನೆಯಿಂದ ಐದರವರೆಗೆ ಮಟ್ಟಗಳನ್ನ ಬರೆಯಿತು. ಲೆವೆಲ್ 1 ಅಂದ್ರೆ ಗಾಡಿ ವೇಗವನ್ನೋ ಸ್ಟೀರಿಂಗನ್ನೋ, ಎರಡರಲ್ಲಿ ಒಂದನ್ನ ನೋಡಿಕೊಳ್ಳುತ್ತದೆ. ಲೆವೆಲ್ 2 ಅಂದ್ರೆ ಎರಡನ್ನೂ ಒಟ್ಟಿಗೆ. ಆದರೆ ರಸ್ತೆ ಮೇಲೆ ಕಣ್ಣಿಡೋ ಕೆಲಸ ಪೂರ್ತಿ ಡ್ರೈವರ್‌ದೇ. ಲೆವೆಲ್ 3ರಲ್ಲಿ ಮಾತ್ರ, ಹೇಳಿದ ಪರಿಸ್ಥಿತಿಯೊಳಗೆ, ನೋಡುವ ಜವಾಬ್ದಾರಿ ಗಾಡಿಗೆ ಹೋಗುತ್ತದೆ. 2021ರ ಡಿಸೆಂಬರ್‌ನಲ್ಲಿ ಜರ್ಮನಿ ಮರ್ಸಿಡಿಸ್‌ನ ಡ್ರೈವ್ ಪೈಲಟ್‌ಗೆ ಇಂಥ ಅನುಮತಿ ಕೊಟ್ಟಾಗ ಷರತ್ತು ಹೇಗಿತ್ತು ಗೊತ್ತಾ? ಮೋಟಾರ್‌ವೇ ಮೇಲೆ ಮಾತ್ರ, ಗಂಟೆಗೆ 60 ಕಿ.ಮೀ. ಒಳಗೆ ಮಾತ್ರ. 2ರಿಂದ 3ಕ್ಕೆ ಇರೋದು ಒಂದು ಮೆಟ್ಟಿಲಲ್ಲ, ದೊಡ್ಡ ಕಂದಕ.

ನಮಗೆ ಮಜಾ ಅನ್ನಿಸಿದ್ದು ಬೇರೆ. ಎದುರಿಗೆ ಏನೋ ಅಡ್ಡ ಬಂದಾಗ ಡ್ರೈವರ್ ಬ್ರೇಕ್ ಒತ್ತದಿದ್ದರೂ ಗಾಡಿಯೇ ಒತ್ತುವ ಆಟೊಮ್ಯಾಟಿಕ್ ಎಮರ್ಜೆನ್ಸಿ ಬ್ರೇಕಿಂಗ್ ಇದೆಯಲ್ಲ, ಅದು ಈ ಪಟ್ಟಿಯಲ್ಲಿ ಬರೋದು ಲೆವೆಲ್ 0ಯಲ್ಲಿ! ಅದು ಗಾಡಿ ಓಡಿಸಲ್ಲ, ಒಂದು ಕ್ಷಣ ಮಧ್ಯೆ ಬಂದು ಹೋಗತ್ತೆ, ಅದಕ್ಕೆ. ಬ್ಲೈಂಡ್ ಸ್ಪಾಟ್ ಎಚ್ಚರಿಕೆ, ಲೇನ್ ಬಿಟ್ಟಾಗ ಬರುವ ಬೀಪ್ ಕೂಡ ಸೊನ್ನೆಯೇ. ಮಾರ್ಕ್ಸ್ ನೋಡಿ ಮನುಷ್ಯರನ್ನ ಅಳೆಯೋ ನಮ್ಮಂಥವರಿಗೆ ಇದು ಅರ್ಥವಾಗೋಕೆ ಸ್ವಲ್ಪ ಹೊತ್ತು ಬೇಕು. ಜೀವ ಉಳಿಸುತ್ತದೆ ಅಂತ ಲೆಕ್ಕ ಸಮೇತ ತೋರಿಸಿರೋದು ಈ ಸೊನ್ನೆಯವನು. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ, ಅಂದರೆ ಐಐಎಚ್‌ಎಸ್, ಹೇಳೋ ಪ್ರಕಾರ ಮುನ್ನೆಚ್ಚರಿಕೆ ಜೊತೆಗೆ ಸ್ವಯಂ ಬ್ರೇಕ್ ಇರುವ ಕಾರುಗಳಲ್ಲಿ ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವ ಅಪಘಾತಗಳು ಸುಮಾರು ಅರ್ಧಕ್ಕೆ ಇಳಿದಿವೆ. ಅದೇ ಸಂಸ್ಥೆ 2024ರಲ್ಲಿ ಲೆವೆಲ್ 2 ಥರದ ಅರೆ ಸ್ವಯಂಚಾಲನೆ ಬಗ್ಗೆ ಹೇಳಿದ್ದು: ಅದು ಅಪಘಾತ ತಡೆಯುತ್ತದೆ ಅನ್ನೋದಕ್ಕೆ ಹೆಚ್ಚಿನ ಪುರಾವೆ ಇಲ್ಲ, ಅದನ್ನ ಆರಾಮಿನ ಸೌಲಭ್ಯ ಅಂತ ನೋಡಬೇಕು.

ನಮ್ಮ ತಕರಾರು ಇಲ್ಲಿಂದಲೇ ಶುರು. ಪುರಾವೆ ಇರೋದನ್ನ ನಾವು ಬೀಪ್ ಬೀಪ್ ಅನ್ನತ್ತೆ ಅಂತ ಆಫ್ ಮಾಡ್ತೀವಿ. ಪುರಾವೆ ಇಲ್ಲದ್ದನ್ನ ರೀಲ್ಸ್ ಮಾಡಿ ಹಾಕ್ತೀವಿ.

ಇದು ಒಳಗೆ ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಾದ್ರೆ ಎಲ್ಲಿ ಕೈಕೊಡತ್ತೆ ಅನ್ನೋದೂ ಗೊತ್ತಾಗತ್ತೆ. ಮುಂದಿನ ಗ್ರಿಲ್ ಅಥವಾ ಬಂಪರ್ ಹಿಂದೆ 77 ಗಿಗಾಹರ್ಟ್ಸ್ ಆಸುಪಾಸಿನ ರೇಡಾರ್. ವಿಂಡ್‌ಶೀಲ್ಡ್‌ನ ಮೇಲ್ಭಾಗದಲ್ಲಿ, ಕನ್ನಡಿ ಹಿಂದೆ, ಒಂದು ಕ್ಯಾಮೆರಾ. ಕೆಲವು ಗಾಡಿಗಳಲ್ಲಿ ಕ್ಯಾಮೆರಾ ಒಂದೇ. ರೇಡಾರ್ ಮಾಡೋದು ಪಿಯುಸಿಯಲ್ಲಿ ನಾವು ಬಾಯಿಪಾಠ ಹೊಡೆದ ಡಾಪ್ಲರ್ ಪರಿಣಾಮವನ್ನೇ. ಮುಂದಿನ ಗಾಡಿಗಿಂತ ನಾವು ಸೆಕೆಂಡಿಗೆ 10 ಮೀಟರ್ ಜಾಸ್ತಿ ವೇಗದಲ್ಲಿದ್ದರೆ ವಾಪಸ್ ಬರುವ ಅಲೆಯ ಆವರ್ತನ ಸುಮಾರು 5.1 ಕಿಲೋಹರ್ಟ್ಸ್ ಏರಿರುತ್ತದೆ. 77 ಗಿಗಾಹರ್ಟ್ಸ್ ಮುಂದೆ 5 ಕಿಲೋಹರ್ಟ್ಸ್ ಅಂದ್ರೆ ಏನೂ ಅಲ್ಲ, ಆದರೂ ಅದನ್ನ ಹಿಡಿದು ವೇಗದ ವ್ಯತ್ಯಾಸವನ್ನ ಲೆಕ್ಕ ಹಾಕುತ್ತದೆ. ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್‌ಗೆ ಬರೆದು ಮರೆತ ಸೂತ್ರ ಇಷ್ಟು ಕೆಲಸ ಮಾಡತ್ತೆ ಅಂತ ಯಾರೂ ನಮಗೆ ಹೇಳಿರಲಿಲ್ಲ, ಆ ಮಾತು ಬೇರೆ.

ರೇಡಾರ್‌ಗೆ ದೂರ, ವೇಗ ಚೆನ್ನಾಗಿ ಗೊತ್ತಾಗತ್ತೆ, ಎದುರಿಗಿರೋದು ಏನು ಅಂತ ಅಷ್ಟಾಗಿ ಗೊತ್ತಾಗಲ್ಲ. ಕ್ಯಾಮೆರಾ ಉಲ್ಟಾ. ಇದು ಕಾರು, ಇದು ಬೈಕು, ಇದು ಬಿಳಿ ಗೆರೆ ಅಂತ ಗುರುತು ಹಿಡಿಯತ್ತೆ, ಎಷ್ಟು ದೂರ ಅನ್ನೋದನ್ನ ಅಂದಾಜು ಮಾಡತ್ತೆ. ಎರಡನ್ನೂ ಸೇರಿಸಿ ಕಂಪ್ಯೂಟರ್ ಕೇಳೋ ಪ್ರಶ್ನೆ ಸರಳ: ಹೀಗೇ ಹೋದ್ರೆ ಇನ್ನೆಷ್ಟು ಸೆಕೆಂಡಿಗೆ ಗುದ್ದತ್ತೆ? 40 ಮೀಟರ್ ದೂರ, ಸೆಕೆಂಡಿಗೆ 10 ಮೀಟರ್ ಹತ್ತಿರ ಆಗ್ತಿದ್ರೆ 4 ಸೆಕೆಂಡ್. ಆ ಸಂಖ್ಯೆ ಇಳೀತಾ ಹೋದಂತೆ ಮೊದಲು ಬೀಪ್, ಆಮೇಲೆ ಬ್ರೇಕ್.

ಬ್ರೇಕ್ ಹಾಕಿದ್ರೂ ಗುದ್ದಿಬಿಟ್ರೆ ಏನು ಪ್ರಯೋಜನ ಅಂತ ಕೇಳೋರಿದ್ದಾರೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ 27.8 ಮೀಟರ್. ನಿಂತಿರುವ ಗಾಡಿಗೆ ಕೇವಲ 25 ಮೀಟರ್ ಇರುವಾಗ ಬ್ರೇಕ್ ಬಿತ್ತು, ವೇಗ ಸೆಕೆಂಡಿಗೆ 8 ಮೀಟರ್‌ನಂತೆ ಇಳೀತು ಅಂದ್ಕೊಳ್ಳಿ. ಗುದ್ದುವಾಗ ವೇಗ ಸುಮಾರು 69 ಕಿ.ಮೀ. ಇಳಿದದ್ದು ಮೂವತ್ತೊಂದೇ ಅನ್ನಿಸತ್ತೆ. ಆದರೆ ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣ, ಅರ್ಧಕ್ಕಿಂತ ಹೆಚ್ಚು ಶಕ್ತಿ ಅಷ್ಟರಲ್ಲೇ ಹೋಗಿರುತ್ತದೆ. ಆ ಅರ್ಧ ಶಕ್ತಿ ಒಳಗೆ ಕೂತವರ ಎದೆ ಮೇಲೆ ಬೀಳಲಿಲ್ಲ ಅಂತ ಅರ್ಥ.

ಸರಿ, ಮಿತಿಗಳಿಗೆ ಬರೋಣ. ರಾತ್ರಿ ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಿಂದಿನ ಲೈಟ್ ಇಲ್ಲ, ನಾಲ್ಕು ಕಲ್ಲು ಇಟ್ಟು ಒಂದು ಸೊಪ್ಪಿನ ಟೊಂಗೆ ಸಿಕ್ಕಿಸಿರ್ತಾರೆ. ಇದನ್ನ ರೇಡಾರ್ ಹಿಡಿದೇ ಹಿಡಿಯತ್ತೆ ಅಂತ ನಾವು ಅಂದ್ಕೋತೀವಿ, ಅಷ್ಟು ದೊಡ್ಡ ಕಬ್ಬಿಣದ ರಾಶಿ! ಅಲೆ ವಾಪಸ್ ಬರೋದೇನೋ ಹೌದು. ತೊಂದರೆ ಏನಂದ್ರೆ ಮೇಲ್ಸೇತುವೆ, ರಸ್ತೆ ಫಲಕ, ತಡೆಗೋಡೆ, ಮ್ಯಾನ್‌ಹೋಲ್ ಮುಚ್ಚಳ, ಇವೆಲ್ಲದರಿಂದಲೂ ವಾಪಸ್ ಬರತ್ತೆ. ಇವೆಲ್ಲವೂ ನಿಂತಿರುವ ವಸ್ತುಗಳೇ. ಸಾಮಾನ್ಯ ರೇಡಾರ್‌ಗೆ ಎತ್ತರದ ಅಂದಾಜು ಸರಿಯಾಗಿ ಸಿಗಲ್ಲ, ಫಲಕ ತಲೆ ಮೇಲಿದೆಯೋ ಎದುರಿಗಿದೆಯೋ ಗೊತ್ತಾಗಲ್ಲ. ಪ್ರತಿ ಫಲಕಕ್ಕೂ 100 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿದ್ರೆ ಹಿಂದಿನವರ ಗತಿ? ಅದಕ್ಕೇ ಹಲವು ವ್ಯವಸ್ಥೆಗಳು, ಅದರಲ್ಲೂ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್, ಹೆಚ್ಚು ವೇಗದಲ್ಲಿ ನಿಂತ ವಸ್ತುಗಳನ್ನ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲ್ಲ. ಇದು ಬಗ್ ಅಲ್ಲ. ಸುಮ್ಮಸುಮ್ಮನೆ ಬ್ರೇಕ್ ಹಾಕೋದು, ಬೇಕಾದಾಗ ಹಾಕದೇ ಇರೋದು, ಇವೆರಡರ ಮಧ್ಯೆ ಯಾರೋ ಒಬ್ಬ ಎಂಜಿನಿಯರ್ ಎಳೆದ ಗೆರೆ. ಕತ್ತಲಲ್ಲಿ ಆ ಲಾರಿಯನ್ನ ಗುರುತಿಸೋ ಹೊಣೆ ಕ್ಯಾಮೆರಾ ಮೇಲೆ ಬೀಳತ್ತೆ, ಕ್ಯಾಮೆರಾಗೋ ಬೆಳಕು ಬೇಕು. ಡ್ರೈವರ್‌ಗೆ ಅರಿವಾಗೋಕೆ ಒಂದೂವರೆ ಸೆಕೆಂಡ್ ಅಂದ್ರೆ 42 ಮೀಟರ್, ನಿಲ್ಲೋಕೆ ಇನ್ನೊಂದು 48. ಒಟ್ಟು 90 ಮೀಟರ್. ಲೋ ಬೀಮ್‌ನಲ್ಲಿ ಅಷ್ಟು ದೂರ ನೆಚ್ಚಿಕೊಳ್ಳುವ ಹಾಗೆ ಕಾಣಲ್ಲ.

ಅಡ್ಡ ಬರುವ ಗಾಡಿಗಳದ್ದು ಇನ್ನೊಂದು ಕಥೆ. 2016ರ ಮೇ 7ರಂದು ಅಮೆರಿಕದ ಫ್ಲಾರಿಡಾದ ವಿಲ್ಲಿಸ್ಟನ್ ಹತ್ತಿರ ಆಟೋಪೈಲಟ್ ಹಾಕಿದ್ದ ಟೆಸ್ಲಾ ಮಾಡೆಲ್ ಎಸ್, ರಸ್ತೆಗೆ ಅಡ್ಡಲಾಗಿ ತಿರುಗುತ್ತಿದ್ದ ಟ್ರೇಲರ್‌ನ ಅಡಿಗೆ ನುಗ್ಗಿ ಚಾಲಕ ಸತ್ತರು. ಕಾರೂ ಬ್ರೇಕ್ ಹಾಕಲಿಲ್ಲ, ಚಾಲಕರೂ ಹಾಕಲಿಲ್ಲ. ಆಗಿನ ತುರ್ತು ಬ್ರೇಕ್ ವ್ಯವಸ್ಥೆಯನ್ನ ಮಾಡಿದ್ದೇ ಮುಂದಿನ ಗಾಡಿಯ ಬೆನ್ನಿಗೆ ಗುದ್ದೋದನ್ನ ತಪ್ಪಿಸೋಕೆ, ಅಡ್ಡ ಬರೋ ಗಾಡಿಗಲ್ಲ. ಆಟೋಪೈಲಟ್ ಕೂಡ ಅಡ್ಡರಸ್ತೆಗಳಿಲ್ಲದ ಹೆದ್ದಾರಿಗೆ ಅಂತ ಮಾಡಿದ್ದು, ಆ ರಸ್ತೆಗೆ ಅಡ್ಡರಸ್ತೆಗಳಿದ್ದವು. ಈಗಿನ ವ್ಯವಸ್ಥೆಗಳು ಅದಕ್ಕಿಂತ ಮುಂದೆ ಬಂದಿವೆ, ನಿಜ. ಆದರೆ ನಮ್ಮ ಹೆದ್ದಾರಿಗಳಲ್ಲಿ ಡಿವೈಡರ್ ಮಧ್ಯೆ ಊರಿನವರು ಮಾಡ್ಕೊಂಡಿರೋ ಸಂದಿಯಿಂದ ಕಬ್ಬಿನ ಟ್ರ್ಯಾಕ್ಟರ್ ತಲೆ ಹಾಕೋದನ್ನ ನೆನೆಸಿಕೊಂಡ್ರೆ ಫ್ಲಾರಿಡಾ ಅಷ್ಟೇನೂ ದೂರ ಅನ್ನಿಸಲ್ಲ.

ಇನ್ನು ಕಲಿಸಿದ್ದನ್ನಷ್ಟೇ ನೋಡೋ ಸಮಸ್ಯೆ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಊಬರ್ ಪರೀಕ್ಷಿಸುತ್ತಿದ್ದ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿತು. ಅದು ಅಡಾಸ್ ಅಲ್ಲ, ಅದಕ್ಕಿಂತ ದೊಡ್ಡ ವ್ಯವಸ್ಥೆ, ಲೈಡಾರ್ ಕೂಡ ಇತ್ತು. ಗುದ್ದುವ 5.6 ಸೆಕೆಂಡ್ ಮೊದಲೇ ಆಕೆಯನ್ನ ಪತ್ತೆ ಮಾಡಿತ್ತು. ಅಷ್ಟು ಹೊತ್ತೂ ಇದು ವಾಹನ, ಅಲ್ಲ ಇನ್ನೇನೋ, ಅಲ್ಲ ಸೈಕಲ್ ಅಂತ ಹೆಸರು ಬದಲಿಸುತ್ತಾ ಕೂತಿತ್ತು. ಹೆಸರು ಬದಲಾದಾಗಲೆಲ್ಲ ಆಕೆ ಎತ್ತ ಹೋಗ್ತಿದ್ದಾಳೆ ಅನ್ನೋ ಹಳೆಯ ಲೆಕ್ಕ ಹೋಗಿ ಹೊಸದಾಗಿ ಶುರು. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಹೇಳಿದ ಒಂದು ವಿಷಯ ಓದಿ ನಾವು ಸುಮ್ಮನಾದ್ವಿ: ಜನ ಕ್ರಾಸಿಂಗ್ ಇಲ್ಲದ ಕಡೆ ರಸ್ತೆ ದಾಟಬಹುದು ಅನ್ನೋದೇ ಆ ವಿನ್ಯಾಸದಲ್ಲಿ ಇರಲಿಲ್ಲ. ನಮ್ಮ ಕಾಲೇಜಿನ ಗೇಟ್ ಮುಂದೆ ಐದು ನಿಮಿಷ ನಿಂತು ನೋಡಿ, ಜೀಬ್ರಾ ಕ್ರಾಸಿಂಗ್‌ನಲ್ಲಿ ದಾಟೋರು ಎಷ್ಟು ಜನ ಅಂತ. ಇನ್ನೊಂದು ಮಾತು. ಆ ವೋಲ್ವೋ ಕಾರಿನಲ್ಲಿ ಕಂಪನಿಯಿಂದಲೇ ಬಂದಿದ್ದ ಮಾಮೂಲಿ ತುರ್ತು ಬ್ರೇಕ್ ಇತ್ತು. ಕಾರು ತಾನಾಗಿ ಓಡುವಾಗ ಅದು ಕೆಲಸ ಮಾಡದಂತೆ ಮಾಡಿದ್ದರು. ಲೆವೆಲ್ ಸೊನ್ನೆಯನ್ನ ಮೂಲೆಗೆ ಕೂರಿಸಿದ್ದರು.

ವೋಲ್ವೋದವರೇ 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಂಗರೂ ಜೊತೆ ಒದ್ದಾಡಿದ್ದು ಸುದ್ದಿಯಾಗಿತ್ತು. ಸ್ವೀಡನ್ನಿನ ಕಡವೆ ಥರದ ಪ್ರಾಣಿಗಳಿಗೆ ಒಗ್ಗಿದ್ದ ವ್ಯವಸ್ಥೆ ದೂರ ಅಳೆಯೋದು ನೆಲವನ್ನ ಆಧಾರವಾಗಿಟ್ಟುಕೊಂಡು. ಕಾಂಗರೂ ಹಾರಿದಾಗ ದೂರ ಇದ್ದ ಹಾಗೆ, ಇಳಿದಾಗ ಹತ್ತಿರ ಬಂದ ಹಾಗೆ ಕಾಣಿಸ್ತಿತ್ತಂತೆ. ನಮ್ಮಲ್ಲಿ ಕಾಂಗರೂ ಇಲ್ಲ, ಆದರೆ ಒಂದೇ ಬೈಕಿನಲ್ಲಿ ನಾಲ್ಕು ಜನ, ಮಧ್ಯೆ ಒಂದು ಗ್ಯಾಸ್ ಸಿಲಿಂಡರ್ ಇರತ್ತೆ. ಹುಲ್ಲು ತುಂಬಿದ ಗಾಡಿಯಲ್ಲಿ ಚಕ್ರವೂ ಕಾಣಲ್ಲ, ಎತ್ತೂ ಕಾಣಲ್ಲ. ಸಂಶೋಧಕರು ಬಹಳ ಬಳಸೋ ಸಿಟಿಸ್ಕೇಪ್ಸ್ ಅನ್ನೋ ಚಿತ್ರಸಂಗ್ರಹದ 50 ಊರುಗಳು ಹೆಚ್ಚಿನವು ಜರ್ಮನಿಯವು. ಹೈದರಾಬಾದಿನ ಟ್ರಿಪಲ್ ಐಟಿ ಮತ್ತು ಇಂಟೆಲ್ ಸೇರಿ ಹೈದರಾಬಾದ್, ಬೆಂಗಳೂರು ರಸ್ತೆಗಳ 10,000 ಚಿತ್ರಗಳಿಗೆ ಗುರುತು ಹಾಕಿ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಮಾಡಿದರು. ಅದರಲ್ಲಿ ಆಟೋರಿಕ್ಷಾಗೆ ತನ್ನದೇ ಒಂದು ವರ್ಗ ಇದೆ. ಟಾರು ಮುಗಿದ ಮೇಲೂ ಗಾಡಿ ಓಡಬಹುದಾದ ಮಣ್ಣಿನ ಅಂಚಿಗೂ ಒಂದು ವರ್ಗ ಇದೆ! ನಮ್ಮ ರಸ್ತೆ ನೋಡಿದವರು ಮಾಡಿದ ಕೆಲಸ ಅಂತ ಅಷ್ಟರಲ್ಲೇ ಗೊತ್ತಾಗತ್ತೆ.

ಲೇನ್ ಹಿಡಿದುಕೊಂಡು ಹೋಗೋ ಸೌಲಭ್ಯಕ್ಕೆ ಗೆರೆ ಬೇಕು, ಅಷ್ಟೇ ಹೇಳಿ ಮುಂದೆ ಹೋಗಬಹುದು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಗೆರೆ ಇದೆ, 2023ರ ಆಗಸ್ಟ್‌ನಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನ ಸರ್ವಿಸ್ ರೋಡಿಗೆ ಕಳಿಸಿದ್ದಾರೆ, ಹಾಗಾಗಿ ಅಡಾಸ್‌ಗೆ ಅದು ಮಾವನ ಮನೆ. ಕೆಂಗೇರಿ ಮುಟ್ಟಿದ ಮೇಲೆ ಕಥೆ ಬೇರೆ. ಕ್ರೂಸ್ ಕಂಟ್ರೋಲ್ ಮುಂದಿನ ಗಾಡಿಗೆ ಮರ್ಯಾದೆಯಿಂದ ಜಾಗ ಬಿಡತ್ತೆ, ಆ ಜಾಗಕ್ಕೆ ಒಂದು ಸ್ಕೂಟರ್ ಬರತ್ತೆ. ಅದಕ್ಕೂ ಜಾಗ ಬಿಡತ್ತೆ, ಒಂದು ಆಟೋ ಬರತ್ತೆ. ಅಡಾಸ್ ಮೇಲೆ ಜನಕ್ಕೆ ಸಿಟ್ಟು ಬರೋದು ಹೆಚ್ಚಾಗಿ ಇಲ್ಲೇ. ಆ ಸಿಟ್ಟಿನಲ್ಲಿ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡ್ತಾರೆ, ತುರ್ತು ಬ್ರೇಕ್ ಸಮೇತ. ನಮ್ಮ ಅಭಿಪ್ರಾಯ: ಊರೊಳಗೆ ಕ್ರೂಸ್, ಲೇನ್ ಎರಡನ್ನೂ ಆಫ್ ಇಡಿ, ಬ್ರೇಕ್‌ನ ಮುಟ್ಟಬೇಡಿ. ಸುಮ್ನೆ ಬ್ರೇಕ್ ಬಿದ್ದು ಹಿಂದಿನ ಬೈಕಿನವನು ಬಂದು ಗುದ್ದಿದ್ರೆ ಅಂತ ಕೆಲವರು ವಾದ ಮಾಡ್ತಾರೆ. ಆ ಭಯ ಸುಳ್ಳಲ್ಲ. ಬಟನ್ ಒತ್ತಿ ಕಣ್ಣು ಮುಚ್ಚೋದು ಮಾತ್ರ ಅದಕ್ಕೆ ಉತ್ತರ ಅಲ್ಲ. ಎಚ್ಚರಿಕೆ ಎಷ್ಟು ಬೇಗ ಬರಬೇಕು ಅನ್ನೋ ಸೆಟ್ಟಿಂಗ್ ಹಲವು ಗಾಡಿಗಳಲ್ಲಿ ಇದೆ, ಅದನ್ನ ಬದಲಿಸಿ ನೋಡಬಹುದು.

ಮನುಷ್ಯನ ಮಿತಿಯನ್ನ ಮಾತ್ರ ಯಾವ ಸೆಟ್ಟಿಂಗೂ ಸರಿಮಾಡಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ರೇಡಾರ್ ನೋಡೋರು ಪರದೆ ಮೇಲಿನ ಗುರುತುಗಳನ್ನ ಯಾಕೆ ತಪ್ಪಿಸ್ತಾರೆ ಅಂತ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷೆ ಮಾಡಿದರು. ಗಡಿಯಾರದ ಥರದ ಮುಳ್ಳು ಟಿಕ್ ಟಿಕ್ ಅಂತ ಹೋಗ್ತಿರತ್ತೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರತ್ತೆ, ಆಗ ಗುಂಡಿ ಒತ್ತಬೇಕು. ಅರ್ಧ ಗಂಟೆಯೊಳಗೇ ಜನ ತಪ್ಪಿಸೋಕೆ ಶುರು ಮಾಡಿದ್ದರು. 1948ರಲ್ಲಿ ಅದು ಪ್ರಕಟವಾಯಿತು. ಲೆವೆಲ್ 2 ಡ್ರೈವರ್‌ಗೆ ಕೊಡೋ ಕೆಲಸ ಇದೇ ಅಲ್ವಾ? ಏನೂ ಮಾಡಬೇಡ, ಆದರೆ ಎರಡು ಗಂಟೆ ನೋಡ್ತಾ ಇರು, ಯಾವಾಗ ಬೇಕಾದ್ರೂ ಒಂದು ಸೆಕೆಂಡಿನಲ್ಲಿ ಕೈ ಹಾಕು. ಮಧ್ಯಾಹ್ನ ಊಟ ಆದ ಮೇಲಿನ ಕ್ಲಾಸಿನಲ್ಲಿ ಕೂತಿರೋ ನಮ್ಮನ್ನ ಕೇಳಿದ್ರೆ ಇದಕ್ಕೆ ಪ್ರಯೋಗವೇ ಬೇಕಿರಲಿಲ್ಲ. ಲಿಸಾನ್ ಬೈನ್‌ಬ್ರಿಜ್ 1983ರಲ್ಲಿ ಬರೆದ ಪ್ರಬಂಧವೊಂದು ಇದೇ ವಿಷಯದ್ದು: ಸುಲಭದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಕೊಟ್ಟರೆ ಮನುಷ್ಯನ ಪಾಲಿಗೆ ಉಳಿಯೋದು ಅತಿ ಕಷ್ಟದ್ದು, ಅದೂ ಅಭ್ಯಾಸ ತಪ್ಪಿದ ಮೇಲೆ.

ಡ್ರೈವರ್ ಎಚ್ಚರ ಇದ್ದಾನಾ ಅಂತ ನೋಡೋಕೆ ಹಲವು ಗಾಡಿಗಳು ಮಾಡೋದು ಸ್ಟೀರಿಂಗ್ ಮೇಲೆ ಬೀಳುವ ಸಣ್ಣ ಬಲವನ್ನ ಅಳೆಯೋದು. ಸ್ಟೀರಿಂಗ್‌ಗೆ ನೀರಿನ ಬಾಟಲಿ ಕಟ್ಟಿ ಹಿಂದಿನ ಸೀಟಿಗೆ ಹೋಗಿ ವಿಡಿಯೋ ಮಾಡೋರು ಮೋಸ ಮಾಡ್ತಿರೋದು ಇದಕ್ಕೇ. ಕಣ್ಣು ಎತ್ತ ನೋಡ್ತಿದೆ ಅಂತ ನೋಡೋ ಕ್ಯಾಮೆರಾ ಇದಕ್ಕಿಂತ ಎಷ್ಟೋ ವಾಸಿ. ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಟೆಸ್ಲಾ 20 ಲಕ್ಷಕ್ಕೂ ಹೆಚ್ಚು ಕಾರುಗಳನ್ನ ರೀಕಾಲ್ ಮಾಡಿದ್ದು ಡ್ರೈವರ್ ಗಮನ ಉಳಿಸೋ ಏರ್ಪಾಡು ಸಾಲದು ಅನ್ನೋ ಕಾರಣಕ್ಕೇ.

ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಅದರಲ್ಲಿ ಶೇಕಡ 44.5 ಬೈಕ್, ಸ್ಕೂಟರ್ ಮೇಲಿದ್ದವರು, ಶೇಕಡ 19.5 ನಡೆದು ಹೋಗ್ತಿದ್ದವರು. ಅಂದ್ರೆ ನಮ್ಮ ದೇಶದಲ್ಲಿ ಅಡಾಸ್ ಕಾಪಾಡಬೇಕಾದ ಹೆಚ್ಚಿನ ಜನ ಕಾರಿನ ಹೊರಗಿದ್ದಾರೆ. ಐಐಎಚ್‌ಎಸ್ 2022ರಲ್ಲಿ ಪಾದಚಾರಿಗಳನ್ನ ಗುರುತಿಸೋ ಬ್ರೇಕ್ ಬಗ್ಗೆ ನೋಡಿದಾಗ ಅಂಥ ಅಪಘಾತಗಳು ಶೇಕಡ 27 ಕಡಿಮೆಯಾಗಿದ್ದವು, ಬೀದಿದೀಪ ಇಲ್ಲದ ಕತ್ತಲಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ. ನಮ್ಮ ಊರುಗಳಿಗೆ ಹೋಗೋ ರಸ್ತೆಗಳಲ್ಲಿ ದೀಪ ಎಷ್ಟಿವೆ ಅಂತ ನಿಮಗೇ ಗೊತ್ತು. ಬೆಂಗಳೂರಿನಲ್ಲೇ ಬಾಷ್, ಮರ್ಸಿಡಿಸ್‌ನ ತಾಂತ್ರಿಕ ಕೇಂದ್ರಗಳಿವೆ. ನಮ್ಮಲ್ಲಿ ಕೆಲವರು ಇನ್ನೆರಡು ವರ್ಷಕ್ಕೆ ಅಂಥ ಕಡೆ ಕೂತು ಆ ಗೆರೆ ಎಳೆಯೋರು ಆಗಿರ್ತಾರೆ. ಪ್ಲೇಸ್‌ಮೆಂಟ್‌ನಲ್ಲಿ ಪ್ಯಾಕೇಜ್ ಕೇಳೋ ಜೊತೆಗೆ ರಾತ್ರಿ, ದೀಪ ಇಲ್ಲದ ರಸ್ತೆಯಲ್ಲಿ ನಿಮ್ಮ ವ್ಯವಸ್ಥೆಯನ್ನ ಪರೀಕ್ಷೆ ಮಾಡ್ತೀರಾ ಅಂತಲೂ ಕೇಳೋಣ. ಕೆಲಸ ಸಿಗದೇ ಹೋದ್ರೆ ಕನ್ನಡ ಸಂಘವನ್ನ ಬೈಯಬೇಡಿ.

ನಮ್ಮ ಗುಂಪಿನ ಒಬ್ಬನ ಮನೆಯವರು ಕಾರು ನೋಡೋಕೆ ಹೋದಾಗ ನಾವೂ ಜೊತೆಗಿದ್ವಿ. ಶೋರೂಮ್‌ನವರು ಅವರಪ್ಪನಿಗೆ ಹೇಳಿದ್ದು: "ಸರ್, ಹೈವೇಲಿ ಸುಮ್ನೆ ಕೂತ್ಕೊಳ್ಳಿ, ಗಾಡಿನೇ ಎಲ್ಲಾ ನೋಡ್ಕೊಳ್ಳತ್ತೆ." ನಿಂತ ಗಾಡಿ, ಕತ್ತಲು, ಮಳೆ, ಅಡ್ಡ ಬರುವ ದನ, ಒಂದನ್ನೂ ಹೇಳಲಿಲ್ಲ. ಇವೆಲ್ಲ ಓನರ್ಸ್ ಮ್ಯಾನುಯಲ್‌ನಲ್ಲಿ ಇರತ್ತೆ, ಪುಟಗಟ್ಟಲೆ ಇರತ್ತೆ, ಸಣ್ಣ ಅಕ್ಷರದಲ್ಲಿ. ನಾವು ತೆರೆದು ನೋಡಿದವೆಲ್ಲ ಇಂಗ್ಲಿಷ್‌ನಲ್ಲೇ ಇದ್ದವು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೇ ಆ ವಾಕ್ಯಗಳನ್ನ ಎರಡೆರಡು ಸಲ ಓದಬೇಕಾಯ್ತು. ಟ್ರಾವೆಲ್ಸ್ ಗಾಡಿ ಓಡಿಸೋ ಅಣ್ಣಂದಿರ ಕೈಗೂ ಈಗ ಅಡಾಸ್ ಇರೋ ಗಾಡಿಗಳು ಬರ್ತಿವೆ. ಸ್ಟೀರಿಂಗ್ ತಾನಾಗಿ ಯಾಕೆ ತಿರುಗಿತು, ಬ್ರೇಕ್ ಯಾಕೆ ಬಿತ್ತು ಅಂತ ಅವರಿಗೆ ಯಾರು ಹೇಳ್ತಾರೆ?

ಹಾಗಾಗಿ ಒಂದು ಕೆಲಸ ಶುರು ಮಾಡ್ತಿದ್ದೀವಿ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಅಡಾಸ್ ಇರುವ ಕಾರಿದ್ರೆ, ಮ್ಯಾನುಯಲ್‌ನಲ್ಲಿ ಈ ವ್ಯವಸ್ಥೆ ಎಲ್ಲೆಲ್ಲಿ ಕೆಲಸ ಮಾಡಲ್ಲ ಅಂತ ಬರೆದಿರುವ ಪುಟಗಳ ಫೋಟೋ ತೆಗೆದು ಸಂಘದ ಗ್ರೂಪ್‌ಗೆ ಹಾಕಿ, ಜೊತೆಗೆ ಮಾಡೆಲ್ ಹೆಸರು, ವರ್ಷ. ಪ್ರತಿ ಮಾಡೆಲ್‌ಗೂ ಒಂದೇ ಹಾಳೆ, ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಡುವಷ್ಟು, ಮಾತಾಡೋ ಕನ್ನಡದಲ್ಲಿ ಬರೀತೀವಿ. ಆಟೊಮೊಬೈಲ್ ವಿಭಾಗದ ಮೇಷ್ಟ್ರೊಬ್ಬರು ತಪ್ಪು ನೋಡಿಕೊಡೋಕೆ ಒಪ್ಪಿದ್ದಾರೆ. ಸದ್ಯಕ್ಕೆ ನಮ್ಮ ಹತ್ತಿರ ಮೂರು ಮಾಡೆಲ್‌ಗಳ ಪುಟಗಳಿವೆ, ಅದರಲ್ಲಿ ಒಂದರ ಫೋಟೋ ಪೂರ್ತಿ ಮಸುಕು, ಕಳಿಸಿದವರು ದಯವಿಟ್ಟು ಇನ್ನೊಂದು ಸಲ ತೆಗೆದು ಕಳಿಸಿ.